ಕೋರ್ಟ್ ರಜೆಯಲ್ಲಿ ಕುಡಿತ ಬಿಡಲು ಹೊರಟ ವಕೀಲರಿಗೆ

ಬೇಸಿಗೆ ರಜೆ ಬಂತೆಂದರೆ "ಈ ಸಲ ಬಿಟ್ಟೇಬಿಡ್ತೀನಿ" ಎಂದು ಮನೆ ಸೇರುವ ವಕೀಲರು ಎಲ್ಲ ಬಾರ್ ಅಸೋಸಿಯೇಷನ್‌ಗಳಲ್ಲೂ ಸಿಗುತ್ತಾರೆ. ರಜೆ ಅದಕ್ಕೆ ಒಳ್ಳೆಯ ಹೊತ್ತೇ. ಆದರೆ ವರ್ಷಗಟ್ಟಲೆ ದಿನವೂ ಕುಡಿದವರು ಡಾಕ್ಟರಿಗೆ ಹೇಳದೆ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಕುತ್ತು. ಹಾಗಾಗಿ ಬಿಡುವ ದಿನಕ್ಕೆ ಮುಂಚೆ ಮಾಡಬೇಕಾದ ಕೆಲಸ ಸ್ವಲ್ಪ ಇದೆ.

ಮೊದಲು ಲೆಕ್ಕ. ಒಂದು ವಾರ ಕುಡಿದದ್ದನ್ನೆಲ್ಲ ಪೆಗ್ಗಿನಲ್ಲಲ್ಲ, ಮಿಲಿಲೀಟರಿನಲ್ಲಿ ಬರೆದಿಡಿ. ಮನೆಯಲ್ಲಿ ಸುರಿದುಕೊಂಡ ಪೆಗ್ಗಿಗೆ ಅಳತೆ ಇರುವುದಿಲ್ಲ. ಶೇ 42.8ರ ವಿಸ್ಕಿ, ಬ್ರಾಂದಿ, ರಮ್ ಯಾವುದಾದರೂ 30 ಮಿ.ಲೀ.ಗೆ ಸುಮಾರು 10 ಗ್ರಾಂ ಆಲ್ಕೋಹಾಲ್, ಅಂದರೆ ಒಂದು ಯೂನಿಟ್. 90ರ ಪ್ಯಾಕೆಟ್ಟಿಗೆ 3, ಕ್ವಾರ್ಟರಿಗೆ (180 ಮಿ.ಲೀ.) 6. ಶೇ 8ರ ಸ್ಟ್ರಾಂಗ್ ಬಿಯರ್ 650 ಮಿ.ಲೀ. ಬಾಟಲಿಗೆ 4, "ಬಿಯರ್ ತಾನೇ" ಅನ್ನುವವರು ಇದನ್ನು ಇನ್ನೊಮ್ಮೆ ಓದಿ. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಎಂಬ 10 ಪ್ರಶ್ನೆಗಳಿಗೆ ಸುಳ್ಳಿಲ್ಲದೆ ಉತ್ತರಿಸಿ. ಒಟ್ಟು 40 ಅಂಕ. 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಮಟ್ಟದಲ್ಲಿದೆ. 20 ಅಥವಾ ಹೆಚ್ಚು ಬಂದರೆ ದೇಹ ಅದಕ್ಕೆ ಒಗ್ಗಿಹೋಗಿರುವ ಸಂಭವವಿದೆ. ಇದೇ ಪ್ರಶ್ನೆಗಳನ್ನು ಅಮೆರಿಕದ 12,825 ವಕೀಲರಿಗೆ ಕೇಳಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐವರಲ್ಲಿ ಒಬ್ಬರಿಗೆ 8 ಅಥವಾ ಹೆಚ್ಚು ಬಂದಿತ್ತು. ನಾಚಿಕೆಯಿಂದ ಅಂಕ ಇಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಇನ್ನು ಡೈರಿ. ಚಿಕಿತ್ಸೆಯನ್ನು ಮುಂದೂಡಲು ವಕೀಲರು ಕೊಡುವ ಕಾರಣ ಒಂದೇ, "ಡೇಟ್‌ಗಳಿವೆ". ಡೇಟ್ ಹೇಗೋ ಸರಿಹೋಗುತ್ತದೆ, ಕಾಲಮಿತಿ ಸರಿಹೋಗುವುದಿಲ್ಲ. ಮುಂದಿನ ಎರಡು ತಿಂಗಳ ಕೇಸುಗಳಲ್ಲಿ ಕಾಲಮಿತಿ ಇರುವುದನ್ನು ಕೆಂಪು ಶಾಯಿಯಲ್ಲಿ ಬೇರೆ ಬರೆಯಿರಿ. ಚೆಕ್ ಬೌನ್ಸಾದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು. ನೋಟಿಸು ತಲುಪಿ 15 ದಿನ ಕಳೆದ ಮೇಲೆ ಒಂದು ತಿಂಗಳೊಳಗೆ ದೂರು. ಸಿವಿಲ್ ದಾವೆಯಲ್ಲಿ ಲಿಖಿತ ಹೇಳಿಕೆಗೆ 30 ದಿನ, ಕೋರ್ಟ್ ಸಮಯ ಕೊಟ್ಟರೆ 90.

"ಹುಷಾರಿಲ್ಲ ಅಂತ ಟೈಮ್ ಕೇಳಿದರಾಯ್ತು" ಎಂದು ನಂಬಿ ಕೂರಬೇಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆದೇಶ 17, ನಿಯಮ 1ರ ಪ್ರಕಾರ ವಿಚಾರಣೆಯಲ್ಲಿ ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಇಲ್ಲ. ವಕೀಲರ ಅನಾರೋಗ್ಯದ ಕಾರಣ ಹೇಳಿದರೂ, ಸಮಯಕ್ಕೆ ಸರಿಯಾಗಿ ಬೇರೆ ವಕೀಲರನ್ನು ನೇಮಿಸಲು ಪಕ್ಷಕಾರನಿಗೆ ಆಗುತ್ತಿರಲಿಲ್ಲ ಎಂದು ಕೋರ್ಟಿಗೆ ಮನವರಿಕೆಯಾಗಬೇಕು. ಆದ್ದರಿಂದ ನಂಬಿಕೆಯ ಸಹೋದ್ಯೋಗಿಯೊಬ್ಬರನ್ನು ಕಕ್ಷಿದಾರರ ಒಪ್ಪಿಗೆಯಿಂದ ವಕಾಲತ್ತಿಗೆ ಸೇರಿಸಿ. ಮೂಲ ದಾಖಲೆಗಳನ್ನು ಪಟ್ಟಿ ಮಾಡಿ ಕೊಡಿ. ಕಕ್ಷಿದಾರರ ಹಣ ನಿಮ್ಮಲ್ಲಿದ್ದರೆ ಲೆಕ್ಕ ಬರೆದು ಈಗಲೇ ತೀರಿಸಿ. ಕುಡಿತದ ದಿನಗಳಲ್ಲಿ ಕೈತಪ್ಪುವ ಹಣವೇ ಮುಂದೆ ಬಾರ್ ಕೌನ್ಸಿಲ್‌ನಲ್ಲಿ ವಕೀಲರ ಕಾಯ್ದೆ 35ನೇ ಕಲಮಿನ ದೂರಾಗಿ ಬರುವುದು. ಕಾರಣ ಕೇಳಿದವರಿಗೆ "ಚಿಕಿತ್ಸೆ ತಗೊಳ್ತಿದ್ದೀನಿ" ಅಂದರೆ ಸಾಕು. ಮಾನಸಿಕ ಆರೋಗ್ಯ ಕಾಯ್ದೆ 2017ರಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿವೆ. ಅದರ 23ನೇ ಕಲಂ ನಿಮ್ಮ ಚಿಕಿತ್ಸೆಯ ಗುಟ್ಟನ್ನು ಕಾಯುತ್ತದೆ.

ಈಗ ನಿಲ್ಲಿಸುವ ದಿನ. ರಜೆಗೂ ಕಾಯದೆ ಶನಿವಾರ ರಾತ್ರಿ 11ಕ್ಕೆ ಕೊನೆಯ ಪೆಗ್ ಹಾಕಿ ಭಾನುವಾರ ಬಿಟ್ಟೆ ಅಂದುಕೊಳ್ಳಿ. ಬೆಳಗಾಗುವಷ್ಟರಲ್ಲಿ ಕೈ ನಡುಕ, ಬೆವರು, ಓಕರಿಕೆ. ಫಿಟ್ಸ್ ಬರುವ ಅಪಾಯ ಹೆಚ್ಚಾಗಿ 6ರಿಂದ 48 ಗಂಟೆಯೊಳಗೆ. ಸೋಮವಾರ 11ಕ್ಕೆ ಕಾಲ್ ವರ್ಕಿನಲ್ಲಿ ನಿಮ್ಮ ಕೇಸ್ ಕೂಗುವಾಗ ಸರಿಯಾಗಿ 36 ಗಂಟೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ದಿನ ಜಾಗದ ಗೊತ್ತು ತಪ್ಪುತ್ತದೆ, ಜ್ವರ ಏರುತ್ತದೆ. ಆಗ ದೇವರಿಗೆ ಹರಕೆ ಕಟ್ಟುತ್ತ ಕೂರದೆ 108ಕ್ಕೆ ಫೋನ್ ಮಾಡಿ.

ಬೆಳಗ್ಗೆ ಎದ್ದ ಕೂಡಲೇ ಬೇಕೆನಿಸುವವರು, ಹಿಂದೆ ಫಿಟ್ಸ್ ಬಂದವರು, ಲಿವರ್ ತೊಂದರೆ ಇರುವವರು, ಒಂಟಿಯಾಗಿರುವವರು ಮನೆಯಲ್ಲಿ ಕುಡಿತ ಬಿಡಲು ಹೋಗಲೇಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರವೂ ಹೋಗಬಹುದು. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದಿದ್ದರೆ ಮಿಕ್ಕಿದ್ದೆಲ್ಲ ಆಮೇಲೆ, ಆ ಫೋನ್ ಮೊದಲು.

ಊರ ಕ್ಲಿನಿಕ್ಕಿನಲ್ಲಿ "ಸುಸ್ತು, ಒಂದು ಗ್ಲೂಕೋಸ್ ಹಾಕಿ" ಎಂದು ಕೇಳುವ ಅಭ್ಯಾಸವಿದೆಯಲ್ಲ, ಅಲ್ಲಿ ಕುಡಿತದ ವಿಷಯ ಬಚ್ಚಿಡಬೇಡಿ. ಬಹಳ ಕುಡಿಯುವವರಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು. ನಿದ್ದೆಗೆಂದು ಆಲ್ಪ್ರಜೋಲಾಮ್ ತಿನ್ನುವ ಅಭ್ಯಾಸವಿದ್ದರೆ ಅದನ್ನೂ ಹೇಳಿ. ಮದ್ಯದ ಜೊತೆ ಅದು ಉಸಿರನ್ನೇ ತಗ್ಗಿಸುತ್ತದೆ, ದಿಢೀರ್ ನಿಲ್ಲಿಸಿದರೆ ಫಿಟ್ಸ್ ತರುತ್ತದೆ.

ಮನೆಯವರಿಗೆ ಒಂದು ಮಾತು. ಡೈಸಲ್ಫಿರಾಮ್ ಮಾತ್ರೆಯನ್ನು ಪುಡಿಮಾಡಿ ಗೊತ್ತಾಗದಂತೆ ಸಾರಿಗೆ ಬೆರೆಸಬೇಡಿ. ಅದು ಮೈಯಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು ಹೃದಯಕ್ಕೇ ಸಂಚಕಾರ. ಕುಡಿಯುವವರಿಗೆ ತಿಳಿಸಿ, ಅವರು ಒಪ್ಪಿ, ಕೊನೆಯ ಪೆಗ್ ಹಾಕಿ ಕನಿಷ್ಠ 12 ಗಂಟೆ ಕಳೆದ ಮೇಲೆ ಡಾಕ್ಟರು ಶುರುಮಾಡುವ ಔಷಧಿ ಅದು. ಕುಡಿಯುವ ಬಯಕೆಯನ್ನು ತಗ್ಗಿಸುವ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಕೂಡ ಇವೆ.

ಸೀನಿಯರ್ ಕುಡಿಯುತ್ತಾರೆ ಎಂದು ಗೊತ್ತಿರುವ ಜೂನಿಯರ್ ರಾತ್ರಿ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಬೆಳಗ್ಗೆ ಆಫೀಸಿನಲ್ಲಿ ಬೇರೆ ಯಾರೂ ಇಲ್ಲದಾಗ, "ಸರ್, ಇವತ್ತಿನ ಕ್ರಾಸ್ (ಪಾಟೀಸವಾಲು) ನಾನು ನೋಡ್ಕೊತೀನಿ, ನೀವು ಡಾಕ್ಟರ್ ಹತ್ರ ಹೋಗ್ಬನ್ನಿ" ಎಂದು ನೇರವಾಗಿ ಹೇಳಿ. ಅವರ ಬದಲು ಕೋರ್ಟಿಗೆ ಸುಳ್ಳು ಮೆಮೊ ಹಾಕಬೇಡಿ.

ದಣಿವಿಗೂ ಕುಡಿತಕ್ಕೂ ಗಂಟು ಬಿದ್ದಿರುತ್ತದೆ. ನಿದ್ದೆ ಬರಲೆಂದು ಕುಡಿದವರಿಗೆ ನಸುಕಿಗೇ ಎಚ್ಚರ, ಮರುದಿನ ಫೈಲಿನ ದಾರ ಬಿಚ್ಚಲೂ ಮನಸ್ಸಿಲ್ಲ. ಬಿಟ್ಟು ಮೂರ್ನಾಲ್ಕು ವಾರವಾದರೂ ಫೈಲ್ ಕಂಡರೆ ಎದೆ ಹೊಡೆದುಕೊಂಡರೆ ಅದು ಖಿನ್ನತೆಯೋ ಆತಂಕವೋ ಇರಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು.

ಕೋರ್ಟಿಗೆ ಮರಳಿದ ಮೊದಲ ತಿಂಗಳು ದಿನಕ್ಕೊಂದೇ ಕ್ರಾಸ್ ಇಟ್ಟುಕೊಳ್ಳಿ. ಕಷ್ಟದ ಹೊತ್ತು ಸಂಜೆ ಆರರ ನಂತರದ್ದು: ಖಾಲಿ ಹೊಟ್ಟೆ, ಗೆದ್ದ ಕಕ್ಷಿದಾರನ ಪಾರ್ಟಿ. ಐದೂವರೆಗೇ ಏನಾದರೂ ತಿನ್ನಿ, ಕಕ್ಷಿದಾರರನ್ನು ಆಫೀಸಿನಲ್ಲೇ ಭೇಟಿಯಾಗಿ, ಬಾಟಲಿ ತಂದವರಿಗೆ "ಮಾತ್ರೆ ನಡೀತಿದೆ" ಎಂದು ವಾಪಸ್ ಕೊಡಿ. ಎಂದಾದರೂ ಜಾರಿದರೆ ಡಾಕ್ಟರು ಹೇಳುವವರೆಗೆ ಡೈಸಲ್ಫಿರಾಮ್ ಮುಟ್ಟದೆ, ಮರುಬೆಳಗ್ಗೆ ಕೋರ್ಟಿಗೆ ಹೊರಡುವ ಮುಂಚೆಯೇ ಡಾಕ್ಟರಿಗೆ ಫೋನ್ ಮಾಡಿ.