ಸೊಪ್ಪು ಬೇಯಿಸಿದ ನೀರು ಚೆಲ್ಲಬೇಡಿ, ಕಣ್ಣಿಗೂ ಒಳ್ಳೆಯದಾಗಬಹುದು

ದಂಟು, ಪಾಲಕ್, ಚಕ್ಕೋತ, ಯಾವ ಸೊಪ್ಪೇ ಆಗಲಿ, ಪಲ್ಯಕ್ಕೆ ಅಂತ ಬೇಯಿಸಿ ಬಸಿದ ನೀರನ್ನು ಸಿಂಕಿಗೆ ಸುರಿಯಬೇಡಿ, ನಮ್ಮ ಕೋಲಾರದ ಕಡೆ ಬಸ್ಸಾರಿಗೆ ಮಾಡುತ್ತೇವಲ್ಲ, ಹಾಗೆ ಆ ಕಟ್ಟನ್ನೇ ಸಾರಿಗೆ ಹಾಕಿ, ಮುದ್ದೆ ಜೊತೆ ಊಟ ಮಾಡಿ. ಸೊಪ್ಪಿನ ನೈಟ್ರೇಟ್ ಮತ್ತು ವಿಟಮಿನ್ ಸಿ ನೀರಿಗೆ ಬಿಟ್ಟುಕೊಳ್ಳುತ್ತವೆ. ನೈಟ್ರೇಟ್ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳ ಸಡಿಲಿಸುತ್ತದೆ, ಕಣ್ಣಿನ ನರಕ್ಕೆ ರಕ್ತ ಸಲೀಸಾಗಿ ಹರಿಯಲು ಅದು ನೆರವಾಗಬಹುದು. ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನರನ್ನು ವರ್ಷಗಟ್ಟಲೆ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೊಪ್ಪು ಜಾಸ್ತಿ ತಿನ್ನುವವರಲ್ಲಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗಿ ದೃಷ್ಟಿ ಕುಂದುವ ಕಾಯಿಲೆ) ಶೇ. 20ರಿಂದ 30ರಷ್ಟು ಕಡಿಮೆ ಕಂಡಿತ್ತು. ಸೊಪ್ಪೇ ಕಾರಣ ಅಂತ ಇದರಿಂದ ಸಾಬೀತಾಗಲಿಲ್ಲ, ಆದರೂ ಸುಮ್ನೆ ಚೆಲ್ಲೋದು ಯಾಕೆ ಅಲ್ವಾ? ಒಗ್ಗರಣೆಗೆ ಎಣ್ಣೆ ಇರಲಿ, ಸೊಪ್ಪಿನಿಂದ ಸಿಗುವ ವಿಟಮಿನ್ ಎ ಮೈಗೆ ಹತ್ತಲು ಕೊಬ್ಬು ಬೇಕು. ನಿಂಬೆರಸ ಒಲೆ ಆರಿಸಿದ ಮೇಲೆ ಹಿಂಡಿ, ಕುದಿಸಿದರೆ ವಿಟಮಿನ್ ಸಿ ಒಂದಷ್ಟು ಹಾಳಾಗುತ್ತದೆ.

ಇದು ಎಲ್ಲರಿಗೂ ಆಗಿಬರಲ್ಲ. ರಕ್ತ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಏಕಾಏಕಿ ಜಾಸ್ತಿ ಮಾಡಬಾರದು, ಅದರ ವಿಟಮಿನ್ ಕೆ ಮಾತ್ರೆಯ ಕೆಲಸ ತಗ್ಗಿಸುತ್ತದೆ. ಕಿಡ್ನಿ ಕಲ್ಲು ಇದ್ದವರು, ಡಯಾಲಿಸಿಸ್‌ನವರು ಆ ನೀರು ಬಳಸದಿರುವುದೇ ಸರಿ. ಗ್ಲಾಕೋಮಾ ಆಗಲೇ ಇದ್ದರೆ ಡಾಕ್ಟರ್ ಕೊಟ್ಟ ಡ್ರಾಪ್ಸ್ ಹಾಕುವುದನ್ನು ಮಾತ್ರ ನಿಲ್ಲಿಸಬೇಡಿ, ಹೋದ ದೃಷ್ಟಿ ಯಾವ ಸೊಪ್ಪಿನಿಂದಲೂ ವಾಪಸ್ ಬರಲ್ಲ. ಗ್ಲಾಕೋಮಾಕ್ಕೆ ವಿಟಮಿನ್ ಬಿ3 ಮಾತ್ರೆ ಬಗ್ಗೆ ಈಗ ಜೋರು ಮಾತಿದೆ, ಆದರೆ ಸಂಶೋಧನೆಗಳಲ್ಲಿ ಕೊಡುವ ಡೋಸು ತುಂಬಾ ದೊಡ್ಡದು, ಲಿವರ್‌ಗೆ ಪೆಟ್ಟಾಗಬಹುದು, ಡಾಕ್ಟರನ್ನು ಕೇಳದೆ ನುಂಗಬೇಡಿ. ಅಪ್ಪ ಅಮ್ಮನಿಗೆ ಗ್ಲಾಕೋಮಾ ಇದ್ದವರು 40ರ ನಂತರ ಕಣ್ಣಿನ ಒತ್ತಡದ ಜೊತೆ ನರವನ್ನೂ ನೋಡಿ ಅಂತ ಕೇಳಿ ಮಾಡಿಸಿಕೊಳ್ಳಿ.