ಮಲೆನಾಡಿನ ಲೈನಿಗೆ ಜನ ಸೇರಿಸುವ, ಸೇರಿದವರನ್ನು ಉಳಿಸಿಕೊಳ್ಳುವ ಲೆಕ್ಕ

ಶಿವಮೊಗ್ಗದಲ್ಲಿ ಬಿಸ್ಕತ್ತು, ಸೋಪು, ಚಹಾಪುಡಿಯಂಥ ಮಾಲಿನ ಡಿಸ್ಟ್ರಿಬ್ಯೂಷನ್ ನಡೆಸುವವರಿಗೆ ಗೋದಾಮು, ಗಾಡಿ ಹೇಗೋ ಹೊಂದುತ್ತವೆ. ಲೈನಿಗೆ, ಅಂದರೆ ಸೇಲ್ಸ್‌ಮನ್ ಆರ್ಡರ್ ಹಿಡಿಯಲು ಅಂಗಡಿ ಅಂಗಡಿ ಸುತ್ತುವ ದಾರಿಗೆ, ಜನ ಹೊಂದುವುದಿಲ್ಲ. "ಈ ವರ್ಷ ಒಳ್ಳೆ ಹುಡುಗರನ್ನ ತಗೋಬೇಕು, ಯಾರೂ ಬಿಟ್ಟು ಹೋಗಬಾರದು" ಎಂದು ಏಪ್ರಿಲ್‌ನಲ್ಲಿ ಹೇಳಿಕೊಂಡರೆ ಅದು ಹರಕೆ ಹೊತ್ತ ಹಾಗಾಯಿತು. ಡಿಸೆಂಬರಿನಲ್ಲಿ ಅದು ಈಡೇರಿತೋ ಇಲ್ಲವೋ ಎಂದು ನೋಡಲು ಕೈಯಲ್ಲಿ ಅಂಕಿ ಇರುವುದಿಲ್ಲ.

ಕಂಪನಿಯ ಕಡೆಯವರು ಶೇಕಡಾವಾರು ಲೆಕ್ಕ ಕೇಳುತ್ತಾರೆ: ಬಿಟ್ಟವರ ಸಂಖ್ಯೆಯನ್ನು ಸರಾಸರಿ ಸಿಬ್ಬಂದಿಯಿಂದ ಭಾಗಿಸಿ ನೂರರಿಂದ ಗುಣಿಸು ಎಂದು. ಸಾವಿರ ಜನ ಇರುವ ಕಡೆ ಅದು ಸರಿ. ಹನ್ನೆರಡು ಜನರ ತಂಡದಲ್ಲಿ ಒಬ್ಬ ಬಿಟ್ಟರೆ ಶೇ. 8.3, ಇಬ್ಬರು ಬಿಟ್ಟರೆ ಶೇ. 16.7. ಒಬ್ಬನ ಮದುವೆ, ಇನ್ನೊಬ್ಬನ ಸರ್ಕಾರಿ ನೌಕರಿ ಸೇರಿದರೆ ಸಾಕು, ವರ್ಷದ ಗುರಿಯೇ ತಲೆಕೆಳಗು. ಅದಕ್ಕೇ ನಾವು ಮೊದಲು ಬರೆದಿಡುವುದು ಲೈನಿನ ಖಾಲಿ ದಿನಗಳನ್ನು. ಯಾವ ಲೈನು, ಯಾವ ತಿಂಗಳು, ಎಷ್ಟು ಕೆಲಸದ ದಿನ ಸೇಲ್ಸ್‌ಮನ್ ಇಲ್ಲದೆ ಹೋಯಿತು. ಒಬ್ಬ ಬಿಟ್ಟ ದಿನದಿಂದ ಹೊಸಬ ಒಬ್ಬನೇ ಲೈನು ಮಾಡುವ ದಿನದವರೆಗೆ ಎಣಿಕೆ. ಜತೆಗೊಬ್ಬ ಹಳಬ ಇದ್ದು ಕಲಿಸುವ ದಿನ ಖಾಲಿಯಲ್ಲ, ಆದರೆ ಹಳಬನ ಲೈನು ಅಂದು ಖಾಲಿ ಬಿದ್ದರೆ ಅದನ್ನೂ ಸೇರಿಸಬೇಕು. ಇಲ್ಲಿ ಬಹಳ ಜನ ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ.

ಖಾಲಿ ದಿನಕ್ಕೆ ದುಡ್ಡಿನ ಬೆಲೆ ಕಟ್ಟದೆ ಗುರಿ ಹಾಕಬಾರದು. ಒಂದು ಹಳ್ಳಿ ಲೈನಿನಲ್ಲಿ ದಿನಕ್ಕೆ 32 ಅಂಗಡಿ, ಅದರಲ್ಲಿ 20 ಬಿಲ್, ಬಿಲ್ಲಿಗೆ 900 ರೂಪಾಯಿ ಎಂದಿಟ್ಟುಕೊಳ್ಳಿ. 18,000 ರೂಪಾಯಿ ವ್ಯಾಪಾರಕ್ಕೆ ಶೇ. 5ರ ಮಾರ್ಜಿನ್ ಎಂದರೆ 900. ತಪ್ಪಿದ ಆರ್ಡರಿನಲ್ಲಿ ಅರ್ಧ ಮುಂದಿನ ವಾರ ಬಂದೇ ಬರುತ್ತದೆ, ಹಾಗಾಗಿ ನಿಜವಾದ ನಷ್ಟ ದಿನಕ್ಕೆ 450. ಹದಿನೈದು ಖಾಲಿ ದಿನಕ್ಕೆ 6,750. ಹೊಸಬನ ತರಬೇತಿ 12 ದಿನ, ದಿನಕ್ಕೆ 550ರಂತೆ 6,600. ಕೆಲಸ ಕೇಳಿ ಬಂದ ಮೂವರಿಗೆ ಲೈನು ತೋರಿಸಿದ ದಿನದ ಕೂಲಿ, ತಲಾ 500ರಂತೆ, 1,500. ಒಬ್ಬ ಬಿಟ್ಟರೆ ತಗಲುವುದು ಒಟ್ಟು 14,850. ವಸೂಲಾಗದೆ ನಿಂತ ಉದ್ರಿ ಇದರಲ್ಲಿ ಸೇರಿಲ್ಲ. ವಾರಕ್ಕೊಂದು ಭೇಟಿ ಇರುವ ಅಂಗಡಿಗೆ ಮೂರು ಸಲ ಯಾರೂ ಹೋಗದಿದ್ದರೆ ಅಂಗಡಿಯವರು ಶಿವಮೊಗ್ಗದ ಗಾಂಧಿ ಬಜಾರಿನ ಹೋಲ್‌ಸೇಲಿನಿಂದ ಮಾಲು ತರಿಸಿಕೊಳ್ಳುವ ರೂಢಿ ಮಾಡಿಕೊಳ್ಳುತ್ತಾರೆ. ಆಮೇಲೆ ಅವರನ್ನು ತಿರುಗಿ ಎಳೆಯುವುದಕ್ಕೆ ಯಾವ ಸ್ಕೀಮೂ ಸಾಲುವುದಿಲ್ಲ.

ಇಷ್ಟು ಲೆಕ್ಕ ಕೈಯಲ್ಲಿದ್ದರೆ ಪೆಟ್ರೋಲ್ ಭತ್ಯೆಯ ಚರ್ಚೆ ಬೇರೆಯೇ ಆಗುತ್ತದೆ. ನನ್ನ ಅಂದಾಜಿನಲ್ಲಿ ಮಲೆನಾಡಿನ ಲೈನುಗಳಲ್ಲಿ ಜನ ಬಿಡುವುದಕ್ಕೆ ಸಂಬಳಕ್ಕಿಂತ ದೊಡ್ಡ ಕಾರಣ ಇದೇ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಯ ಲೈನು ಹಿಡಿದರೆ ಹೋಗಿಬರುವುದು, ಒಳದಾರಿಯ ಅಂಗಡಿಗಳು ಸೇರಿ ದಿನಕ್ಕೆ 85 ಕಿ.ಮೀ. ಆಗಬಹುದು. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಬೈಕು 40 ಕಿ.ಮೀ. ಕೊಡುತ್ತದೆ ಎಂದರೆ ಕಿ.ಮೀ.ಗೆ 2.60. ಟೈರು, ಚೈನು, ಆಯಿಲ್, ಬ್ರೇಕ್ ಶೂಗೆ 1.40 ಸೇರಿಸಿದರೆ 4 ರೂಪಾಯಿ. ದಿನಕ್ಕೆ 340. ಎಲ್ಲ ಲೈನಿಗೂ ಸಮನಾಗಿ 200 ಕೊಟ್ಟರೆ ಶಿವಮೊಗ್ಗ ಪೇಟೆಯೊಳಗಿನ ವಿನೋಬನಗರ, ಗೋಪಾಳದ ಲೈನಿನವನಿಗೆ ಮಿಗುತ್ತದೆ, ಆಗುಂಬೆಯವನು ದಿನಕ್ಕೆ 140 ಕೈಯಿಂದ ಹಾಕುತ್ತಾನೆ. 25 ದಿನಕ್ಕೆ 3,500 ಸಂಬಳ ಕಡಿತ, ಹೇಳದೇ ಕೇಳದೇ. ಕಿ.ಮೀ. ಲೆಕ್ಕದಲ್ಲಿ ಕೊಟ್ಟರೆ ಮಾಲೀಕನಿಗೆ ನಾಲ್ಕು ತಿಂಗಳಿಗೆ 14,000 ಹೆಚ್ಚು ಖರ್ಚು. ಆ ಲೈನಿನಲ್ಲಿ ನಾಲ್ಕು ತಿಂಗಳಿಗೊಬ್ಬ ಬದಲಾಗುತ್ತಿದ್ದರೆ ಖರ್ಚಿಗೆ ಖರ್ಚು ಸರಿಹೋಯಿತು, ಅದಕ್ಕಿಂತ ಬೇಗ ಬದಲಾಗುತ್ತಿದ್ದರೆ ಲಾಭವೇ. ಪೆಟ್ರೋಲ್ ದರ ಐದು ರೂಪಾಯಿ ಆಚೀಚೆ ಆದಾಗಲೆಲ್ಲ ದರಪಟ್ಟಿ ತಿದ್ದಬೇಕು.

ಕಾಲಮಾನ ನೋಡದೆ ನೇಮಕದ ಗುರಿ ಹಾಕುವುದು ಇನ್ನೊಂದು ಎಡವಟ್ಟು. ಇಲ್ಲಿ ಜನ ಬಿಡುವುದಕ್ಕೆ ಎರಡು ಹೊತ್ತು. ಒಂದು ಜೂನ್‌ನಿಂದ ಆಗಸ್ಟ್: ಮಾಸ್ತಿಕಟ್ಟೆ, ಹುಲಿಕಲ್, ಆಗುಂಬೆಯ ಮಳೆ, ದಾರಿಗೆ ಮರ ಬೀಳುವುದು, ಕರೆಂಟ್ ಹೋಗಿ ಟವರ್ ಸತ್ತು ಆರ್ಡರ್ ಆ್ಯಪ್ ಕೈಕೊಡುವುದು. ಅದೇ ಹೊತ್ತಿಗೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕೆಲಸ. ಎರಡನೆಯದು ಅಡಿಕೆ ಕೊಯ್ಲು. ಅರ್ಧ ಎಕರೆ ತೋಟ ಇದ್ದರೂ ಮನೆಮಗ ಬೇಕೇ ಬೇಕು, ಮರ ಹತ್ತಿ ಕೊಯ್ಯುವ ಕೊನೆಗಾರರಿಗೂ ಅಡಿಕೆ ಸುಲಿಯುವವರಿಗೂ ಸಿಗುವ ಕೂಲಿಯ ಮುಂದೆ ಸೇಲ್ಸ್‌ಮನ್ ಸಂಬಳ ಸಪ್ಪೆ. ಹಾಗಾಗಿ ನೇಮಕ ಮುಗಿಯಬೇಕಾದ ತಾರೀಖು ಎರಡು: ಮೇ 1 ಮತ್ತು ಸೆಪ್ಟೆಂಬರ್ 15. ಮೇ ಕೊನೆಯಲ್ಲಿ ಸೇರಿದವನನ್ನು ಹೊಸನಗರದ ಲೈನಿಗೆ ಹಾಕಿದರೆ ಅವನು ಆಷಾಢ ದಾಟುವುದಿಲ್ಲ. ಮೊದಲ 90 ದಿನ ಶಿವಮೊಗ್ಗ ಅಥವಾ ಭದ್ರಾವತಿ ಪೇಟೆ ಲೈನು ಕೊಡುವುದು ಕ್ಷೇಮ. ಕೊಯ್ಲಿಗೆ ಆರು ದಿನ ರಜೆಯನ್ನು ಅಕ್ಟೋಬರಿನಲ್ಲೇ ಬರೆಸಿಕೊಂಡು, ಆ ದಿನಗಳಿಗೆ ಬದಲಿ ಜನ ಗೊತ್ತುಮಾಡಿದರೆ, ಹೋದವನು ಹಿಂದೆ ಬರುತ್ತಾನೆ. ಆರು ಲೈನಿಗೊಬ್ಬ ಬದಲಿ ಸಾಕು. ಅವನ ಸಂಬಳ ದಂಡ ಎನ್ನುವವರು ಮೇಲಿನ 14,850ನ್ನು ಇನ್ನೊಮ್ಮೆ ಓದಬೇಕು.

ಮೂವರು ಬೇಕಿದ್ದರೆ ಹನ್ನೆರಡು ಜನರ ಜತೆ ಮಾತು, ಆರು ಜನರಿಗೆ ಲೈನು ತೋರಿಸುವುದು, ನಾಲ್ವರನ್ನು ಸೇರಿಸಿಕೊಳ್ಳುವುದು. ಇದು ಯೋಜನೆಗೆ ಇಟ್ಟುಕೊಳ್ಳುವ ಅಳತೆ, ಊರಿಂದೂರಿಗೆ ಬದಲಾಗುತ್ತದೆ. ಎಂಪಿಎಂ (ಮೈಸೂರು ಕಾಗದ ಕಾರ್ಖಾನೆ) ಉತ್ಪಾದನೆ ನಿಂತ ಮೇಲೆ ಭದ್ರಾವತಿಯಲ್ಲಿ ಕೆಲಸ ಹುಡುಕುವ ಮನೆಗಳು ಹೆಚ್ಚು, ಹೊಸನಗರದಲ್ಲಿ ಕೇಳಿಕೊಂಡು ಬರುವವರೇ ಕಡಿಮೆ. ಶಿವಮೊಗ್ಗ ಪೇಟೆಯಲ್ಲಿ ಊಟ ತಲುಪಿಸುವ ಆ್ಯಪ್‌ಗಳೊಂದಿಗೆ ಪೈಪೋಟಿ, ಅಲ್ಲಿ ಹುಡುಗರು ವಾರವಾರ ದುಡ್ಡು ನೋಡುತ್ತಾರೆ. ಅದಕ್ಕೆ ಇನ್ಸೆಂಟಿವ್‌ನ ಒಂದು ಭಾಗವನ್ನು ಹದಿನೈದು ದಿನಕ್ಕೊಮ್ಮೆ ಕೊಡುವುದು ಒಳ್ಳೆಯದು.

ಲೈನು ತೋರಿಸುವ ದಿನದ್ದೊಂದು ಮಾತು. 500 ರೂಪಾಯಿ ಕೂಲಿ ಕೊಟ್ಟು ಬೆಳಗಿನಿಂದ ಸಂಜೆವರೆಗೆ ಕಳಿಸಬೇಕು, ಅದೂ ಇದ್ದುದರಲ್ಲಿ ಕಷ್ಟದ ಲೈನಿಗೆ. ಪೇಟೆಯೊಳಗಿನ ದುರ್ಗಿಗುಡಿಯ ನಾಲ್ಕು ಅಂಗಡಿ ತೋರಿಸಿ ಕೆಲಸಕ್ಕೆ ಸೇರಿಸಿಕೊಂಡರೆ ಮೂರನೇ ವಾರ ಫೋನ್ ಸ್ವಿಚ್ ಆಫ್. ಸಂಜೆ "ನನ್ನ ಕೈಲಾಗಲ್ಲ ಅಣ್ಣ" ಎಂದವನು 500 ರೂಪಾಯಿಯಲ್ಲೇ ಮುಗಿದ.

ಉಳಿಸಿಕೊಳ್ಳುವ ಗುರಿ ಮೂರು ಮೆಟ್ಟಿಲಲ್ಲಿ: 30, 90, 180ನೇ ದಿನ. ಸೇರಿದ ನಾಲ್ವರಲ್ಲಿ 90ನೇ ದಿನಕ್ಕೆ ಮೂವರು ಇರಬೇಕು. ಹೆಸರು ಹಿಡಿದು ಬರೆಯಬೇಕು, ಶೇಕಡಾ ಬೇಡ. ಆದರೆ ಸೂಪರ್‌ವೈಸರನ ಇನ್ಸೆಂಟಿವ್‌ ಅನ್ನು ಈ ಅಂಕಿಗೆ ಕಟ್ಟಿದ ಕೂಡಲೇ ಕೆಲಸಕ್ಕೇ ಬಾರದವನು ಕೂಡ ಹಾಜರಿಯಲ್ಲಿ ಉಳಿಯುತ್ತಾನೆ! ತಿಂಗಳಿಗೆ 22 ದಿನ ಲೈನು ಮಾಡಿದವನನ್ನಷ್ಟೇ ಉಳಿದವನೆಂದು ಎಣಿಸುವುದು ಅದಕ್ಕೆ ಮದ್ದು. ಗೊತ್ತಿದ್ದವರನ್ನು ಕರೆತಂದ ಹಳಬರಿಗೆ ಕೊಡುವ ಬಹುಮಾನವೂ ಹೀಗೇ: 30ನೇ ದಿನ 1,000, 90ನೇ ದಿನ 2,000. ಪೂರ್ತಿ ಮೊದಲೇ ಕೊಟ್ಟರೆ ಊರಿನ ನೆಂಟರಿಷ್ಟರೆಲ್ಲ ಒಂದೊಂದು ತಿಂಗಳು ಬಂದು ಹೋಗುತ್ತಾರೆ.

ಮಾರಾಟದ ಗುರಿಯೇ ಜನರನ್ನು ಓಡಿಸುವುದುಂಟು. ನೂರಕ್ಕೆ ನೂರು ಮುಟ್ಟಿದರೆ ಇನ್ಸೆಂಟಿವ್, 95ಕ್ಕೆ ಸೊನ್ನೆ ಎಂದರೆ ಇಪ್ಪತ್ತನೇ ತಾರೀಖಿಗೆ ಹುಡುಗ ಕೈಚೆಲ್ಲುತ್ತಾನೆ, ಇಲ್ಲವೇ ಗುರುತಿನ ಅಂಗಡಿಗೆ ಮಾಲು ತುರುಕುತ್ತಾನೆ. ಎರಡು ತಿಂಗಳಿಗೆ ಅದು ಎಕ್ಸ್‌ಪೈರಿಯಾಗಿ ಹಿಂದೆ ಬಂದಾಗ ಜಗಳ, ಅದರ ಮಾರನೇ ದಿನ ರಾಜೀನಾಮೆ. 80, 90, 100ಕ್ಕೆ ಮೂರು ಹಂತ ಇಟ್ಟರೆ ಈ ತೊಂದರೆ ಬಹುಪಾಲು ಇಳಿಯುತ್ತದೆ. ಮಳೆಗಾಲದ ಮೂರು ತಿಂಗಳು ಘಟ್ಟದ ಕಡೆಯ ಲೈನಿಗೆ ಅಂಗಡಿಯ ಗುರಿಯನ್ನು 32ರಿಂದ 24ಕ್ಕೆ ಇಳಿಸಬೇಕು. ದಾರಿ ಬದಲಾದರೂ ಗುರಿ ಬದಲಾಗಬೇಕು: 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಸಿಗಂದೂರು ಸೇತುವೆ ತೆರೆದ ಮೇಲೆ ತುಮರಿ, ಬ್ಯಾಕೋಡು ಲೈನಿನವರು ಲಾಂಚ್ ಕಾಯುವುದು ತಪ್ಪಿದೆ. ಹಳೆಯ ಅಂಗಡಿ ಲೆಕ್ಕವನ್ನೇ ಅಲ್ಲಿ ಇಟ್ಟುಕೊಂಡಿದ್ದರೆ ಅದು ತೀರಾ ಸಡಿಲ.

ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬರುವ ಸಂಸ್ಥೆಯಾದರೆ ಮೊದಲ ದಿನವೇ ನೋಂದಣಿ ಮಾಡಿಸಬೇಕು. 21,000ದವರೆಗಿನ ಸಂಬಳಕ್ಕೆ ನೌಕರನದು ಶೇ. 0.75, ಮಾಲೀಕನದು ಶೇ. 3.25. ಪಾಚಿ ಕಟ್ಟಿದ ಡಾಂಬರಿನಲ್ಲಿ ಬೈಕು ಜಾರುವುದು ಇಲ್ಲಿ ಅಪರೂಪವಲ್ಲ.

ಸ್ಥಳೀಯನನ್ನೇ ಲೈನಿಗೆ ಹಾಕಬೇಕೆನ್ನುವುದು ನಿಜ, ಲೈನು ಶುರುವಾಗುವ ಜಾಗದಿಂದ 15 ಕಿ.ಮೀ. ಒಳಗೆ ಮನೆ ಇದ್ದವನು ಹೆಚ್ಚು ದಿನ ನಿಲ್ಲುತ್ತಾನೆ. ಆದರೆ ಭಾವನ ಅಂಗಡಿ, ಚಿಕ್ಕಪ್ಪನ ಅಂಗಡಿ ಎಂದು ಉದ್ರಿ ಬೆಳೆಯುತ್ತದೆ, ಬಾಯಿಬಿಟ್ಟು ಕೇಳಲಾರ. 21 ದಿನ ದಾಟಿದ ಬಾಕಿ ಅವನ ಒಟ್ಟು ಬಾಕಿಯ ಶೇ. 10 ಮೀರಿದರೆ ಆ ಅಂಗಡಿಗಳ ವಸೂಲಿಯನ್ನು ಸೂಪರ್‌ವೈಸರ್ ವಹಿಸಿಕೊಳ್ಳಬೇಕು. ಸಂಬಳದಲ್ಲಿ ಹಿಡಿದರೆ ಹುಡುಗನೂ ಹೋದ, ಬಾಕಿಯೂ ಹೋಯಿತು.

ಬಿಟ್ಟವನನ್ನು ಹದಿನೈದು ದಿನ ಬಿಟ್ಟು, ಅವನ ಸೂಪರ್‌ವೈಸರ್ ಅಲ್ಲದ ಒಬ್ಬರು ಫೋನಿನಲ್ಲಿ ಮಾತಾಡಿಸಬೇಕು. ಬಿಡುವ ದಿನ ಎಲ್ಲರೂ "ಮನೇಲಿ ಸ್ವಲ್ಪ ತೊಂದ್ರೆ ಸಾರ್" ಎಂದೇ ಹೇಳುವುದು. ಕಾರಣವನ್ನು ದಾರಿ, ದುಡ್ಡು, ಮೇಲಿನವರು, ತೋಟ-ಮನೆ, ಬೇರೆ ಕೆಲಸ ಎಂದು ಐದರಲ್ಲಿ ಒಂದಾಗಿ ರಿಜಿಸ್ಟರಿನಲ್ಲಿ ಬರೆಯಬೇಕು. ಒಂದೇ ಲೈನಿನಿಂದ ಬೆನ್ನುಬೆನ್ನಿಗೆ ಇಬ್ಬರು ಬಿಟ್ಟರೆ ಮೂರನೆಯವನನ್ನು ಹುಡುಕುವ ಮೊದಲು ಆ ಲೈನನ್ನೇ ಒಡೆಯಬೇಕು. ಬಿಡುವವನ ಜತೆ ಅಂಗಡಿ ಅಂಗಡಿಗೂ ಹೋಗಿ, ಬಾಕಿ ಚೀಟಿಗೆ ಅಂಗಡಿಯವರ ಸಹಿ ಹಾಕಿಸಿಕೊಂಡರೆ ಅವನ ಲೆಕ್ಕವನ್ನು ಏಳು ದಿನದೊಳಗೆ ಚುಕ್ತಾ ಮಾಡಿಬಿಡಬಹುದು. ಅವನ ಊರಿನಿಂದ ಮುಂದಿನವನು ಬರುವುದು ಬಹಳಮಟ್ಟಿಗೆ ಆ ಏಳು ದಿನದ ಮೇಲೇ ನಿಂತಿರುತ್ತದೆ.