ಹೂಡಿಕೆಯ ಹಂಚಿಕೆ: ಅಳತೆ ತಪ್ಪಿದಾಗ ಸರಿಮಾಡುವುದು ಹೇಗೆ?

ಐದು ಮ್ಯೂಚುವಲ್ ಫಂಡ್‌ನಲ್ಲಿ ಎಸ್‌ಐಪಿ (ತಿಂಗಳ ಕಂತಿನ ಹೂಡಿಕೆ) ಇದೆ, ದುಡ್ಡು ಹಂಚಿ ಹಾಕಿದ್ದೇನೆ ಎನ್ನುವವರು ಬಹಳ. ತೆರೆದು ನೋಡಿದರೆ ಐದೂ ಷೇರು ಫಂಡ್, ಐದರಲ್ಲೂ ಹೆಚ್ಚುಕಮ್ಮಿ ಅವೇ ದೊಡ್ಡ ಬ್ಯಾಂಕುಗಳು. ಪೇಟೆ ಬಿದ್ದರೆ ಐದೂ ಬೀಳುತ್ತವೆ. ಷೇರು, ಬಡ್ಡಿ ತರುವ ಉಳಿತಾಯ, ಚಿನ್ನ, ಈ ಮೂರರಲ್ಲಿ ನಿಮ್ಮ ದುಡ್ಡು ಎಷ್ಟೆಷ್ಟಿದೆ ಅನ್ನುವುದೇ ಹಂಚಿಕೆ.

1. ಇರುವುದನ್ನೆಲ್ಲ ಬರೆಯಿರಿ

ಎಫ್‌ಡಿ (ಬ್ಯಾಂಕಿನ ನಿಶ್ಚಿತ ಠೇವಣಿ), ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ), ಇಪಿಎಫ್ (ಸಂಬಳದಿಂದ ಕಡಿತವಾಗುವ ಭವಿಷ್ಯನಿಧಿ), ಅಂಚೆ ಕಚೇರಿಯ ಉಳಿತಾಯ ಎಲ್ಲವೂ ಬಡ್ಡಿಯ ಸಾಲಿಗೆ. ಇಪಿಎಫ್ ಮರೆಯುವವರೇ ಜಾಸ್ತಿ. ವಾಸದ ಮನೆ ಮತ್ತು ಒಡವೆ ಬೇಡ, ಅವನ್ನು ನೀವು ಮಾರುವುದಿಲ್ಲ ಅಲ್ವಾ? ಆರು ತಿಂಗಳ ಖರ್ಚಿನ ದುಡ್ಡೂ ಈ ಲೆಕ್ಕದ ಹೊರಗಿರಲಿ.

2. ಅಳತೆ ಗೊತ್ತುಮಾಡಿ

ಹತ್ತು ವರ್ಷಕ್ಕೂ ಹೆಚ್ಚು ಕಾಲ ಮುಟ್ಟದ ದುಡ್ಡಿಗೆ ಷೇರು ಶೇ 60, ಬಡ್ಡಿ ಶೇ 30, ಚಿನ್ನ ಶೇ 10 ಎನ್ನುವುದು ನನ್ನ ಆಯ್ಕೆ. ಐದು ವರ್ಷದೊಳಗೆ ಬೇಕಾಗುವ ದುಡ್ಡು ಷೇರಿಗೆ ಬೇಡವೇ ಬೇಡ. ನೂರರಿಂದ ವಯಸ್ಸು ಕಳೆದು, ಉಳಿದಷ್ಟು ಶೇಕಡಾ ಷೇರಿಗೆ ಹಾಕಿ ಎನ್ನುವ ಸೂತ್ರವನ್ನು ನಂಬಬೇಡಿ. ಎರಡು ವರ್ಷದಲ್ಲಿ ತಂಗಿಯ ಮದುವೆ ಮಾಡಬೇಕಾದವನಿಗೂ ಯಾವ ಜವಾಬ್ದಾರಿಯೂ ಇಲ್ಲದವನಿಗೂ, ವಯಸ್ಸು ಒಂದೇ ಆದರೆ, ಅದು ಒಂದೇ ಉತ್ತರ ಕೊಡುತ್ತದೆ.

3. ವರ್ಷಕ್ಕೊಮ್ಮೆ ಸರಿಮಾಡಿ

ಜನ ಎಡವುವುದು ಇಲ್ಲೇ. 10 ಲಕ್ಷವನ್ನು 6, 3, 1 ಅಂತ ಹಾಕಿದ್ದೀರಿ ಎನ್ನಿ. ಕೆಲವು ವರ್ಷದಲ್ಲಿ ಷೇರು 9 ಲಕ್ಷ, ಬಡ್ಡಿಯದು 3.2, ಚಿನ್ನ 1.3 ಆಯಿತು. ಒಟ್ಟು 13.5 ಲಕ್ಷ. ಖುಷಿಯೇ, ಆದರೆ ಷೇರಿನ ಪಾಲು ಈಗ ಸುಮಾರು ಶೇ 67. ನೀವು ಒಪ್ಪಿದ್ದಕ್ಕಿಂತ ಜಾಸ್ತಿ ಅಪಾಯ ಸುಮ್ನೆ ತಲೆ ಮೇಲೆ ಬಂದು ಕೂತಿದೆ. ಐದು ಶೇಕಡಾ ಅಂಶದೊಳಗಿನ ವ್ಯತ್ಯಾಸಕ್ಕೆ (60 ಇರಬೇಕಾದದ್ದು 65ರವರೆಗೆ ಹೋದರೆ) ಕೈಹಾಕಬೇಡಿ, ಅದಕ್ಕಿಂತ ಹೆಚ್ಚಾದರೆ ಬಿಡಬೇಡಿ.

ಮೊದಲು ಹೊಸ ದುಡ್ಡಿನಿಂದ ನೋಡಿ. ಏನನ್ನೂ ಮಾರದೆ ಷೇರನ್ನು ಶೇ 60ಕ್ಕೆ ತರಲು ಉಳಿದೆರಡಕ್ಕೆ 1.5 ಲಕ್ಷ ಸೇರಬೇಕು. ತಿಂಗಳಿಗೆ 15,000 ಹೂಡುವವರು ಹತ್ತು ತಿಂಗಳು ಅದನ್ನು ಅತ್ತ ತಿರುಗಿಸಿದರೆ, ಪೇಟೆ ಇದ್ದಲ್ಲೇ ಇದ್ದರೆ, ತೆರಿಗೆಯೇ ಇಲ್ಲದೆ ಕೆಲಸ ಮುಗಿಯುತ್ತದೆ.

ಅಷ್ಟು ಕಾಯಲಾಗದಿದ್ದರೆ 90,000 ರೂಪಾಯಿಯ ಷೇರು ಫಂಡ್ ಮಾರಿ, 85,000 ಬಡ್ಡಿಗೆ, 5,000 ಚಿನ್ನಕ್ಕೆ ಹಾಕಿ. ಒಂದು ವರ್ಷ ದಾಟಿದ ಯೂನಿಟ್‌ಗಳ (ಫಂಡ್‌ನಲ್ಲಿ ನೀವು ಕೊಂಡ ಪಾಲುಗಳ) ಲಾಭಕ್ಕೆ ಹಣಕಾಸು ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ 12.5. ವರ್ಷ ತುಂಬದ್ದಕ್ಕೆ ಶೇ 20. 2024ರ ಜುಲೈ ಬಜೆಟ್‌ನಲ್ಲಿ ಬಂದ ದರಗಳಿವು. ಎಸ್‌ಐಪಿಯ ಪ್ರತಿ ಕಂತಿಗೂ ಅದರದೇ ವರ್ಷ ಲೆಕ್ಕ. ಮೂರು ವರ್ಷದ ಹಿಂದೆ ಶುರು ಮಾಡಿದ್ದೆ ಎಂದು ಕಳೆದ ತಿಂಗಳ ಕಂತು ಹಳೆಯದಾಗುವುದಿಲ್ಲ. ಆದರೆ ಒಂದು ಫೋಲಿಯೊದಲ್ಲಿ (ಫಂಡ್‌ನ ನಿಮ್ಮ ಖಾತೆಯಲ್ಲಿ) ಹಳೆಯ ಯೂನಿಟ್ ಮೊದಲು ಮಾರಾಟವಾಗುತ್ತದೆ, ಅದು ಅನುಕೂಲ. ಲಾಭ ದೊಡ್ಡದಿದ್ದರೆ ಮಾರ್ಚ್‌ನಲ್ಲಿ ಅರ್ಧ, ಏಪ್ರಿಲ್‌ನಲ್ಲಿ ಅರ್ಧ ಮಾರಿ. ಎರಡು ವರ್ಷದ ವಿನಾಯಿತಿ ಸಿಗುತ್ತದೆ.

ಈ ಹೊತ್ತಿಗೇ ಯಾರಾದರೂ ವಿಮೆ ಮತ್ತು ಹೂಡಿಕೆ ಎರಡೂ ಸೇರಿದ ಪಾಲಿಸಿ ಹಿಡಿದು ಬರುತ್ತಾರೆ. ಬೇಡ ಅನ್ನಿ. ವಿಮೆಗೆ ಟರ್ಮ್ ಪಾಲಿಸಿ (ಹೂಡಿಕೆ ಸೇರದ ಬರೀ ಜೀವವಿಮೆ) ಸಾಕು. ಫಂಡ್‌ಗಳಲ್ಲಿ ಡೈರೆಕ್ಟ್ ಪ್ಲಾನ್ ತೆಗೆದುಕೊಳ್ಳಿ, ಅದರಲ್ಲಿ ಏಜೆಂಟರ ಕಮಿಷನ್ ಇರುವುದಿಲ್ಲ.

ಪೇಟೆ ಬಿದ್ದಾಗ ಇದೇ ಕೆಲಸ ಉಲ್ಟಾ, ಮತ್ತು ಇನ್ನೂ ಕಷ್ಟ. 2020ರ ಜನವರಿಯಲ್ಲಿ 42,000 ಹತ್ತಿರವಿದ್ದ ಸೆನ್ಸೆಕ್ಸ್ ಮಾರ್ಚ್ 23ಕ್ಕೆ ಸುಮಾರು 26,000ಕ್ಕೆ ಇಳಿಯಿತು. ಅಂಥ ಕುಸಿತದಲ್ಲಿ ಮೊದಲಿನ 10 ಲಕ್ಷದೊಳಗಿನ 6 ಲಕ್ಷದ ಷೇರು 3.7 ಲಕ್ಷವಾಗಿ, ಪಾಲು ಶೇ 48ಕ್ಕೆ ಬರುತ್ತದೆ. ಎಫ್‌ಡಿ ಮುರಿದು 90,000ದಷ್ಟು ಷೇರಿಗೆ ಹಾಕಬೇಕಾದ ಸಮಯ ಅದು. ಟಿವಿ ನೋಡುತ್ತ ಕೂತರೆ ಆಗದು. ಮೂರು ಕಂತು ಮಾಡಿ, ತಿಂಗಳಿಗೊಂದರಂತೆ ಹಾಕಿ. ಪಿಪಿಎಫ್‌ಗೆ 15 ವರ್ಷದ ಗಡುವಿದೆ, ಬೇಕೆಂದಾಗ ಪೂರ್ತಿ ತೆಗೆಯಲಾಗದು. ಆದ್ದರಿಂದ ಬಡ್ಡಿಯ ಪಾಲನ್ನೆಲ್ಲ ಅಲ್ಲೇ ಇಡದೆ, ಮೂರರಲ್ಲೊಂದು ಭಾಗವಾದರೂ ಎಫ್‌ಡಿಯಲ್ಲೋ ಲಿಕ್ವಿಡ್ ಫಂಡ್‌ನಲ್ಲೋ (ದುಡ್ಡು ಬೇಗ ತೆಗೆಯಬಹುದಾದ ಫಂಡ್) ಇಟ್ಟುಕೊಳ್ಳಿ.